ಮೂವತ್ತು ಕಲ್ದಾರ ರೂಪಾಯಿ, ಎಲ್ಲಕ್ಕೂ ಒಂದೇ ದರ: ಕೊಳ್ಳಬಹುದೇ?

ಪ್ರಶ್ನೆ: ಜಮಖಂಡಿ ತಾಲ್ಲೂಕಿನ ನಮ್ಮೂರಲ್ಲಿ ಪರಿಚಯದ ಮನೆಯವರೊಬ್ಬರು ಅಜ್ಜನ ಕಾಲದ 30 ಕಲ್ದಾರಗಳನ್ನು, ಅಂದರೆ ಬ್ರಿಟಿಷ್ ಕಾಲದಲ್ಲಿ ಯಂತ್ರದಿಂದ ಒತ್ತಿದ ಬೆಳ್ಳಿ ರೂಪಾಯಿಗಳನ್ನು, ಮಾರಲು ತೆಗೆದಿದ್ದಾರೆ. ರಾಣಿ ವಿಕ್ಟೋರಿಯಾ ಛಾಪದವು 8 (ಐದರ ಮೇಲೆ 1862 ಎಂದಿದೆ), ಎಡ್ವರ್ಡ್ ಛಾಪದವು 5, ಐದನೇ ಜಾರ್ಜ್ 9, ಆರನೇ ಜಾರ್ಜ್‌ನ 1940ರಿಂದ 45ರವರೆಗಿನವು 7, ಹುಲಿ ಇರುವ 1947ರದ್ದು ಒಂದು. 'ಒಂದೊಂದೂ ಒಂದು ತೊಲ, ಅಪ್ಪಟ ಬೆಳ್ಳಿ. ದಿನದ ಬೆಳ್ಳಿ ದರದ ಒಂದೂವರೆ ಪಟ್ಟು ಕೊಡಿ, ಆರಿಸಿ ಕೊಡೋದಿಲ್ಲ' ಎನ್ನುತ್ತಾರೆ. ಇವಲ್ಲದೆ 1911ರ 'ಹಂದಿ ರೂಪಾಯಿ' ಒಂದು ಬೇರೆಯೇ ಇದೆ, ಅದು ಲಕ್ಷ ಬಾಳುತ್ತದಂತೆ. 1818ರ ರಾಮ ಸೀತೆಯರ ಚಿತ್ರದ ನಾಣ್ಯವೂ ಇದೆ. ಕೆಲವು ಕಪ್ಪಾಗಿವೆ, ಕೆಲವು ಹೊಸದರಂತೆ ಬೆಳ್ಳಗೆ ಹೊಳೆಯುತ್ತವೆ. ರಾಣಿ ಛಾಪದ ಎರಡರ ಅಂಚಿನಲ್ಲಿ ಕೊಂಡಿ ಬೆಸೆದ ಗುರುತಿದೆ. ಪತ್ತಾರರು 'ಅರ ಹಾಕಿ ನೋಡೋಣ' ಎನ್ನುತ್ತಾರೆ. ಹಾಕಿಸಲೇ? ಈ ದರ ನ್ಯಾಯವೇ?

ಉತ್ತರ: ಅರ ಹಾಕಿಸಬೇಡಿ. ದರ ನ್ಯಾಯವಲ್ಲ, ಆದರೆ ಮಾರುವವರು ಮೋಸ ಮಾಡುತ್ತಿದ್ದಾರೆ ಎಂದೂ ಅಂದುಕೊಳ್ಳಬೇಡಿ. 'ಒಂದು ರೂಪಾಯಿ ಅಂದರೆ ಒಂದು ತೊಲ ಬೆಳ್ಳಿ' ಎಂಬ ಮಾತು ನಮ್ಮ ಭಾಗದ ಮನೆಮನೆಯಲ್ಲೂ ಇದೆ. ಅದು ತೂಕದ ಮಟ್ಟಿಗೆ ನಿಜ, ಬೆಳ್ಳಿಯ ಮಟ್ಟಿಗೆ ಸುಳ್ಳು.

ಬ್ರಿಟಿಷ್ ಕಾಲದ ರೂಪಾಯಿಯ ತೂಕ 180 ಗ್ರೇನ್, ಅಂದರೆ 11.66 ಗ್ರಾಂ. ಹಳೆಯ ತೊಲ ಎಂದರೂ ಅಷ್ಟೇ. ಇವತ್ತಿನ ಸರಾಫ ಅಂಗಡಿಯಲ್ಲಿ ತೊಲ ಎಂದರೆ ಸಾಮಾನ್ಯವಾಗಿ 10 ಗ್ರಾಂ. ಹಾಗಾಗಿ ಮಾತು ಶುರು ಮಾಡುವ ಮೊದಲೇ 'ಯಾವ ತೊಲ' ಎಂದು ಕೇಳಿಬಿಡಿ. ಇನ್ನು ಆ 11.66 ಗ್ರಾಂನಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಮಾತ್ರ ಬೆಳ್ಳಿ (ಶೇ 91.7), ಉಳಿದದ್ದು ತಾಮ್ರ. ನಿಮ್ಮ ಕೈಗೆ ಬರುವ ಬೆಳ್ಳಿ 10.69 ಗ್ರಾಂ. 1940ರಿಂದ ಸರಕಾರ ಬೆಳ್ಳಿಯನ್ನು ಅರ್ಧಕ್ಕೆ ಇಳಿಸಿತು. ತೂಕ ಅದೇ 11.66, ಬೆಳ್ಳಿ 5.83 ಗ್ರಾಂ, ಉಳಿದ ಅರ್ಧದಲ್ಲಿ ತಾಮ್ರ, ನಿಕ್ಕಲ್, ಸತುವು. 1947ರ ಹುಲಿ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಅದು ಪೂರ್ತಿ ನಿಕ್ಕಲ್. ಬಾಗಿಲಿಗೆ ಅಂಟಿಸುವ ಅಯಸ್ಕಾಂತ ಹಿಡಿದರೆ ಟಕ್ಕೆಂದು ಕಚ್ಚಿಕೊಳ್ಳುತ್ತದೆ.

ಈಗ ನಿಮ್ಮ 30 ನಾಣ್ಯಗಳ ಲೆಕ್ಕ ಹಾಕೋಣ. ಮಾರುವವರ ಪ್ರಕಾರ 30 ತೊಲ, ಅಂದರೆ ಸುಮಾರು 350 ಗ್ರಾಂ ಬೆಳ್ಳಿ. ಅದರ ಒಂದೂವರೆ ಪಟ್ಟು ಎಂದರೆ 525 ಗ್ರಾಂ ಬೆಳ್ಳಿಯ ಹಣ ಕೇಳುತ್ತಿದ್ದಾರೆ. ನಿಜಕ್ಕೂ ಇರುವುದೆಷ್ಟು? ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಸೇರಿ 22 ನಾಣ್ಯ, ತಲಾ 10.69ರಂತೆ 235 ಗ್ರಾಂ. ಆರನೇ ಜಾರ್ಜ್‌ನ 7 ನಾಣ್ಯ, ತಲಾ 5.83ರಂತೆ 41 ಗ್ರಾಂ. 1947ರದ್ದು ಸೊನ್ನೆ. ಒಟ್ಟು 276 ಗ್ರಾಂ. ಸವೆತ ಕಳೆದರೆ ಇನ್ನೂ ಎರಡು ಮೂರು ಗ್ರಾಂ ಕಡಿಮೆಯಾದೀತು. ಬಾಯಲ್ಲಿ ಹೇಳುವುದು ಒಂದೂವರೆ ಪಟ್ಟು, ನೀವು ಕೊಡಬೇಕಾಗುವುದು ಸರಿಸುಮಾರು ಎರಡು ಪಟ್ಟು. ಬೆಳ್ಳಿ ದರ ದಿನಕ್ಕೊಂದು ರೀತಿ ಇರುತ್ತದೆ. ಹಾಗಾಗಿ ರೂಪಾಯಿಯಲ್ಲಿ ನೆನಪಿಡುವುದಕ್ಕಿಂತ 10.69 ಮತ್ತು 5.83 ಎಂಬ ಎರಡು ಅಂಕಿಗಳನ್ನು ನೆನಪಿಟ್ಟುಕೊಂಡು ಆ ದಿನದ ಗ್ರಾಂ ದರದಿಂದ ಗುಣಿಸಿ. ಅರ್ಧ ರೂಪಾಯಿ, ಪಾವಲಿ ಸಿಕ್ಕರೆ ಅದೇ ಪ್ರಮಾಣದಲ್ಲಿ ಅರ್ಧ, ಕಾಲು.

ಇನ್ನು ಅಸಲಿಯೋ ಖೋಟಾವೋ ಎಂಬ ಪ್ರಶ್ನೆ. ಅರ ಹಾಕಿದರೆ ಒಳಗಿನ ಲೋಹ ಕಾಣುತ್ತದೆ, ನಿಜ. ಆದರೆ ಆ ಗೀರಿನೊಂದಿಗೆ ಸಂಗ್ರಾಹಕರ ಬೆಲೆಯೂ ಹೋಗುತ್ತದೆ, ಆಮೇಲೆ ಅದು ಕರಗಿಸುವುದಕ್ಕಷ್ಟೇ ಲಾಯಕ್ಕು. ತೇಜಾಬಿನ ಹನಿಯೂ ಅಷ್ಟೇ. ಪತ್ತಾರರಿಗೆ ನಾಣ್ಯ ಎಂದರೆ ಲೋಹ, ಅವರ ಕಸುಬಿನ ದೃಷ್ಟಿಯಿಂದ ಅದು ತಪ್ಪಲ್ಲ. ಕೆಲವು ಸರಾಫ ಅಂಗಡಿಗಳಲ್ಲಿರುವ ಕ್ಷ-ಕಿರಣದ ಯಂತ್ರ ನಾಣ್ಯಕ್ಕೆ ಏನೂ ಮಾಡುವುದಿಲ್ಲ. ಆದರೆ ಅದು ಓದುವುದು ಮೇಲ್ಪದರವನ್ನು, ದಪ್ಪಗೆ ಬೆಳ್ಳಿ ಮುಲಾಮು ಹಾಕಿದ ಹಿತ್ತಾಳೆಯ ಮುಂದೆ ಯಂತ್ರವೂ ಮೋಸಹೋಗುತ್ತದೆ.

ಮನೆಯಲ್ಲೇ ಮಾಡಬಹುದಾದ ನೀರಿನ ಪರೀಕ್ಷೆ ಇದಕ್ಕಿಂತ ಗಟ್ಟಿ. ಬೇಕಾದದ್ದು 0.01 ಗ್ರಾಂ ತೋರಿಸುವ ಪುಟ್ಟ ಡಿಜಿಟಲ್ ತಕ್ಕಡಿ, ಒಂದು ಸಣ್ಣ ಲೋಟ, ಹೊಲಿಗೆ ದಾರ. ಮೊದಲು ಒಣ ನಾಣ್ಯವನ್ನು ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ಅರ್ಧ ನೀರಿರುವ ಲೋಟವನ್ನು ತಕ್ಕಡಿಯ ಮೇಲಿಟ್ಟು ಸೊನ್ನೆಗೆ ತನ್ನಿ. ನಾಣ್ಯವನ್ನು ದಾರದಲ್ಲಿ ಕಟ್ಟಿ, ಪೂರ್ತಿ ಮುಳುಗುವಂತೆ, ತಳಕ್ಕಾಗಲಿ ಬದಿಗಾಗಲಿ ತಾಗದಂತೆ ಇಳಿಬಿಡಿ. ಮೈಗೆ ಅಂಟಿದ ಗುಳ್ಳೆಗಳನ್ನು ದಾರ ಅಲುಗಿಸಿ ಬಿಡಿಸಿ. ಆಗ ತಕ್ಕಡಿ ತೋರಿಸುವ ಅಂಕಿಯಿಂದ ಒಣ ತೂಕವನ್ನು ಭಾಗಿಸಿದರೆ ಸಾಂದ್ರತೆ ಸಿಗುತ್ತದೆ. ಶೇ 91.7ರ ಬೆಳ್ಳಿಯಾದರೆ 10.3ರ ಆಸುಪಾಸು ಬರಬೇಕು, ಅಂದರೆ 11.66 ಗ್ರಾಂನ ನಾಣ್ಯಕ್ಕೆ ತಕ್ಕಡಿ 1.13 ತೋರಿಸುತ್ತದೆ. ಅರ್ಧ ಬೆಳ್ಳಿಯದಾದರೆ 1.22ರ ಸುತ್ತ, ಸಾಂದ್ರತೆ 9.5. ಅಷ್ಟೇ ತೂಕದ ಹಿತ್ತಾಳೆ ಅಥವಾ ಜರ್ಮನ್ ಸಿಲ್ವರ್ (ಹೆಸರಷ್ಟೇ ಸಿಲ್ವರ್, ಬೆಳ್ಳಿಯಿಲ್ಲದ ಮಿಶ್ರಲೋಹ) ಆಗಿದ್ದರೆ 1.35 ದಾಟುತ್ತದೆ. ಸೀಸದ ಎರಕವಾದರೆ ಉಲ್ಟಾ, 1.05ಕ್ಕಿಂತ ಕೆಳಗೆ. ಒಂದು ನಾಣ್ಯವನ್ನು ಮೂರು ಸಲ ಅಳೆದು ಸರಾಸರಿ ತೆಗೆಯಿರಿ, ಏಕೆಂದರೆ 0.01ರ ವ್ಯತ್ಯಾಸಕ್ಕೇ ಸಾಂದ್ರತೆ 0.1ರಷ್ಟು ಆಚೀಚೆ ಆಗುತ್ತದೆ. ಕೊಂಡಿ ಬೆಸೆದಿದ್ದವುಗಳಲ್ಲಿ ಬೆಸುಗೆ ಉಳಿದು ಅಂಕಿ ತುಸು ತಪ್ಪಬಹುದು.

ಒಣ ತೂಕವೂ ತಾನಾಗಿ ಮಾತಾಡುತ್ತದೆ. ಚಲಾವಣೆಯಲ್ಲಿದ್ದ ರೂಪಾಯಿ ಸಾಮಾನ್ಯವಾಗಿ 11.4ರಿಂದ 11.65 ಗ್ರಾಂ ಇರುತ್ತದೆ. ಅಕ್ಷರ, ಕೂದಲು ಎಲ್ಲ ಚೊಕ್ಕವಾಗಿದ್ದೂ ತೂಕ 11 ಗ್ರಾಂ ಎಂದರೆ ಅನುಮಾನಿಸಲೇಬೇಕು. ಸವೆಯದ ನಾಣ್ಯ ತೂಕ ಎಲ್ಲಿ ಕಳೆದುಕೊಂಡೀತು? ಅಗಲ 30.5ರಿಂದ 30.8 ಮಿಲಿಮೀಟರ್. ಅಯಸ್ಕಾಂತಕ್ಕೆ ಅಂಟಿದರೆ ಬೆಳ್ಳಿಯಲ್ಲ ಎಂಬುದು ಖಚಿತ. ಆದರೆ ಅಂಟಲಿಲ್ಲ ಎಂದ ಮಾತ್ರಕ್ಕೆ ಬೆಳ್ಳಿ ಎಂದಾಗುವುದಿಲ್ಲ, ಹಿತ್ತಾಳೆಯೂ ತಾಮ್ರವೂ ಅಂಟುವುದಿಲ್ಲ. ಕಲ್ಲಿನ ಮೇಲೆ ಕುಕ್ಕಿ 'ಠಣ್' ಎನ್ನಿಸಿ ನೋಡುವ ರೂಢಿಯನ್ನಂತೂ ಬಿಡಿ. ಅಂಚು ಜಜ್ಜುತ್ತದೆ, ಒಳಗೆ ಸೀಳಿದ ಅಸಲಿ ನಾಣ್ಯವೂ ಮಂಕಾಗಿಯೇ ಸದ್ದು ಮಾಡುತ್ತದೆ.

ಖೋಟಾ ಮಾಡುವವರು ಒಳ್ಳೆಯ ಬೆಳ್ಳಿಯಲ್ಲೇ ಮಾಡಿದ್ದರೆ ನೀರಿನ ಪರೀಕ್ಷೆಯೂ ಪಾಸಾಗುತ್ತದೆ. ಅಲ್ಲಿ ಕಣ್ಣೇ ಗತಿ. ಹತ್ತು ಪಟ್ಟು ದೊಡ್ಡದು ಮಾಡುವ ಭೂತಗನ್ನಡಿಯಲ್ಲಿ ಖಾಲಿ ಜಾಗವನ್ನು ನೋಡಿ. ಎರಕದ ನಾಣ್ಯದಲ್ಲಿ ಸೂಜಿಮೊನೆಯಂಥ ಗುಂಡಿಗಳೂ ಬೊಕ್ಕೆಗಳೂ ಇರುತ್ತವೆ, ಅಕ್ಷರಗಳ ಅಂಚು ಸಾಬೂನು ಸವೆದಂತೆ ದುಂಡಗಿರುತ್ತದೆ. ಅಚ್ಚಿನಲ್ಲಿ ಒತ್ತಿದ ಅಸಲಿಯಲ್ಲಿ ಅಕ್ಷರದ ಗೋಡೆ ನೆಟ್ಟಗೆ ಎದ್ದಿರುತ್ತದೆ. ಆಮೇಲೆ ನಾಣ್ಯವನ್ನು ಅಡ್ಡ ಹಿಡಿದು ಅಂಚು ನೋಡಿ. ಎರಡು ಭಾಗ ಕೂಡಿಸಿದ ಗೆರೆ ಸುತ್ತ ಕಂಡರೆ ಕೈಬಿಡಿ. ವಿಕ್ಟೋರಿಯಾದಿಂದ ಐದನೇ ಜಾರ್ಜ್‌ವರೆಗೆ ಅಂಚಿನಲ್ಲಿ ಒತ್ತೊತ್ತಾದ ನೇರ ಗೀರುಗಳಿರುತ್ತವೆ. 1940ರ ನಂತರದ ರೂಪಾಯಿಗಳಲ್ಲಿ ಬಹುತೇಕ ಆ ಗೀರುಗಳ ನಡುವೆ ಸುತ್ತಲೂ ಒಂದು ಕಾಲುವೆ, ಅದರೊಳಗೆ ಪುಟ್ಟ ಗುರುತುಗಳ ಸಾಲು. ಬೆಳ್ಳಿ ಇಳಿಸಿದ್ದಕ್ಕೇ ಖೋಟಾ ತಡೆಯಲು ಮಾಡಿದ ಏರ್ಪಾಡು ಅದು. ಈ ತಿಳಿವಳಿಕೆ 1939ರ ರೂಪಾಯಿಯ ವಿಷಯದಲ್ಲಿ ಹಣ ಉಳಿಸುತ್ತದೆ: ಅದು ನಿಜಕ್ಕೂ ಅಪರೂಪ, ಬೆಳ್ಳಿ ಶೇ 91.7, ಅಂಚು ನೇರ ಗೀರಿನದು. ಯಾರಾದರೂ ತೋರಿಸಿದ 1939ಕ್ಕೆ ಕಾಲುವೆಯ ಅಂಚಿದ್ದರೆ ಅದು 1940ರ ದಶಕದ್ದರ ಇಸವಿ ತಿದ್ದಿದ ಮಾಲು.

ಈಗ ಸ್ಥಿತಿ. ಬೆಲೆಯ ಜಗ್ಗಾಟವೆಲ್ಲ ಇರುವುದು ಇಲ್ಲೇ. 'ಚಲೋ ಅದ', 'ಹೊಸದರಂಗ ಅದ' ಎಂಬ ಮಾತಿಗೆ ಪೇಟೆಯಲ್ಲಿ ಬೆಲೆಯಿಲ್ಲ. ಸಂಗ್ರಾಹಕರು ನೋಡುವುದು ಎತ್ತರದ ಭಾಗಗಳನ್ನು, ಏಕೆಂದರೆ ಕೈಯಿಂದ ಕೈಗೆ ಹೋಗುವಾಗ ಮೊದಲು ಸವೆಯುವುದು ಅವೇ. ವಿಕ್ಟೋರಿಯಾದಲ್ಲಿ ಹಣೆಯ ಮೇಲಿನ ಕೂದಲೆಳೆ, ಕಿರೀಟದ ಹರಳು, ಎದೆಯ ಮೇಲಿನ ಕಸೂತಿ. ಐದನೇ ಜಾರ್ಜ್‌ನಲ್ಲಿ ಹುಬ್ಬು, ಕಿವಿಯ ಅಂಚು, ಮೇಲುಡುಪಿನ ಮೇಲಿನ ಆನೆ. ಎಡ್ವರ್ಡ್‌ಗೆ ಕಿರೀಟವಿಲ್ಲ, ಬರಿದಲೆ. ಕಿವಿಯ ಮೇಲಿನ ಕೂದಲು ಬೇಗ ಸಪಾಟಾಗುತ್ತದೆ. ಹಾಗಾಗಿ ಎಡ್ವರ್ಡ್‌ನಲ್ಲಿ ಕೂದಲ ಗೆರೆ ಗೆರೆಯಾಗಿ ಉಳಿದಿದ್ದರೆ ಅದನ್ನು ಪಕ್ಕಕ್ಕಿಡಿ. ಎಳೆಗಳು ಎಲ್ಲ ಸ್ಪಷ್ಟ, ತುದಿಯಷ್ಟೇ ತುಸು ಮಾಸಿದ್ದು ಎಂದರೆ ಎಕ್ಸ್‌ಎಫ್. ಎಳೆಗಳು ಮುಕ್ಕಾಲು ಪಾಲು ಉಳಿದದ್ದು ವಿಎಫ್. ಮುಖದ ಆಕಾರ ಸರಿ, ಒಳಗಿನ ಗೆರೆಗಳು ಅಳಿಸಿವೆ ಎಂದರೆ ಎಫ್. ಇಸವಿ ಓದಬಹುದು ಅಷ್ಟೇ ಎಂಬುದು ಸವಕಲು. ಯಾರ ಕೈಗೂ ಸಿಗದೆ ಗಂಟಿನಲ್ಲೇ ಉಳಿದದ್ದನ್ನು ಯುಎನ್‌ಸಿ ಎನ್ನುತ್ತಾರೆ. ಒಂದೇ ಇಸವಿಯ ಸವಕಲಿಗೂ ಯುಎನ್‌ಸಿಗೂ ಬೆಲೆಯಲ್ಲಿ ಹಲವು ಪಟ್ಟು ಅಂತರ ಬೀಳುತ್ತದೆ. ಅದಕ್ಕೇ ಎಲ್ಲಕ್ಕೂ ಒಂದೇ ದರ ಎಂಬುದು ಒಂದು ಕಡೆಯವರಿಗೆ ನಷ್ಟವೇ.

ಕೆಲವು ಹೊಸದರಂತೆ ಹೊಳೆಯುತ್ತವೆ ಎಂದಿದ್ದೀರಿ. ಅವು ಒಳ್ಳೆಯವೇ? ಹೆಚ್ಚಾಗಿ ಅಲ್ಲ. ದೀಪಾವಳಿಯ ಲಕ್ಷ್ಮೀ ಪೂಜೆಗೆ ಮುಂಚೆ ಹುಣಸೆಹಣ್ಣು, ವಿಭೂತಿ ಹಾಕಿ ತಿಕ್ಕಿದ ನಾಣ್ಯಗಳು ನಮ್ಮ ಕಡೆ ಮನೆಮನೆಗೂ ಇವೆ. ಹುಣಸೆಯ ಹುಳಿ ಕಪ್ಪನ್ನು ತಿನ್ನುತ್ತದೆ, ಪುಡಿಯ ಕಣಗಳು ಬೆಳ್ಳಿಯನ್ನೇ ಕೊರೆಯುತ್ತವೆ. ಭೂತಗನ್ನಡಿಯಲ್ಲಿ ಒಂದೇ ದಿಕ್ಕಿಗೆ ಹೋದ ಕೂದಲಿನಂಥ ಗೀರುಗಳು ಕಾಣುತ್ತವೆ, ಅಕ್ಷರಗಳ ಸಂದಿಯಲ್ಲಿ ಬಿಳಿ ಪುಡಿ ಕೂತಿರುತ್ತದೆ. ಟಂಕಸಾಲೆಯ ಸಹಜ ಹೊಳಪು ಬೇರೆ: ದೀಪದ ಕೆಳಗೆ ನಾಣ್ಯವನ್ನು ಓರೆ ಮಾಡಿ ತಿರುಗಿಸಿದರೆ ಬೆಳಕು ಗಾಲಿಯ ಅರೆಗಳಂತೆ ಸುತ್ತುತ್ತದೆ. ತಿಕ್ಕಿದ್ದರಲ್ಲಿ ಹೊಳಪು ಸ್ಟೀಲ್ ತಟ್ಟೆಯಂತೆ, ಎಲ್ಲ ಕಡೆಯೂ ಒಂದೇ ಥರ. ಕಪ್ಪು ಎಂಬುದು ಗಾಳಿಯ ಗಂಧಕ ಬೆಳ್ಳಿಯ ಜೊತೆ ಕೂಡಿ ಆದ ತೆಳು ಪೊರೆ. ಅದು ನಾಣ್ಯ ಕಾಯುವ ಹೊದಿಕೆಯೇ ಹೊರತು ಕೊಳೆಯಲ್ಲ. ನೀಲಿ, ಜೇನುಬಣ್ಣಕ್ಕೆ ತಿರುಗಿದ ಸಹಜ ಪೊರೆಗೆ ಸಂಗ್ರಾಹಕರು ಒಂದಿಷ್ಟು ಹೆಚ್ಚೇ ಕೊಡುತ್ತಾರೆ. ಕೊಂಡ ಮೇಲೆ ನೀವೂ ತಿಕ್ಕಬೇಡಿ. ಎಣ್ಣೆ ಜಿಡ್ಡು ಇದ್ದರೆ ಅಸಿಟೋನಿನಲ್ಲಿ ಒಂದೆರಡು ನಿಮಿಷ ಅದ್ದಿ, ಒರೆಸದೆ ಒಣಗಲು ಬಿಡಿ. ಒಲೆ, ದೀಪ ಹತ್ತಿರ ಇರಬಾರದು.

ಕೊಂಡಿ ಬೆಸೆದಿದ್ದ ಎರಡು ರಾಣಿ ಛಾಪ ಎಷ್ಟೇ ಚೆಂದವಿದ್ದರೂ ಬೆಳ್ಳಿ ಬೆಲೆಯವೇ. ಹಿಂದೆ ಕೊರಳಿಗೆ ಪೋಣಿಸಿಕೊಳ್ಳಲು ಮಾಡಿಸಿದ್ದು. ಆ ಜಾಗದಲ್ಲಿ ಅಂಚಿನ ಗೀರು ಹೋಗಿರುತ್ತದೆ, ಬೆಸುಗೆಯ ಕಾವಿಗೆ ಬಣ್ಣವೂ ಕೆಟ್ಟಿರುತ್ತದೆ.

1862 ಎಂದಿರುವ ಐದನ್ನು ಕಂಡು ಮಾರುವವರು 'ನೂರಾ ಅರವತ್ತು ವರ್ಷ ಹಳೇವು' ಎಂದು ದರ ಏರಿಸಬಹುದು. 1862ರ ಇಸವಿ ಇಟ್ಟುಕೊಂಡೇ 1874ರವರೆಗೂ ರೂಪಾಯಿ ಅಚ್ಚು ಹಾಕಿದರು. ಇಸವಿಯ ಕೆಳಗಿನ ಚುಕ್ಕೆಗಳ ಎಣಿಕೆಯಿಂದ ಬಗೆಗಳು ಗೊತ್ತಾಗುತ್ತವೆ, ಕೆಲವು ಚುಕ್ಕೆಯವು ವಿರಳ, ಹೆಚ್ಚಿನವು ಧಾರಾಳ. ಹಳೆಯದು ಎಂಬುದು ಬೆಲೆಯಲ್ಲ. ಎಷ್ಟು ಉಳಿದಿವೆ, ಎಷ್ಟು ಜನಕ್ಕೆ ಬೇಕು ಎಂಬುದಷ್ಟೇ ಬೆಲೆ. ಐದನೇ ಜಾರ್ಜ್‌ನ 1917ರಿಂದ 1920ರವು ರಾಶಿ ರಾಶಿ ಸಿಗುವುದಕ್ಕೂ ಒಂದು ಕಾರಣವಿದೆ. ಮೊದಲ ಮಹಾಯುದ್ಧದ ಹೊತ್ತಿಗೆ ಇಲ್ಲಿ ಬೆಳ್ಳಿ ರೂಪಾಯಿಗೆ ಹಾಹಾಕಾರ ಎದ್ದು, 1918ರಲ್ಲಿ ಅಮೆರಿಕ ಕಾನೂನು ಮಾಡಿ ತನ್ನ 25 ಕೋಟಿಗೂ ಹೆಚ್ಚು ಬೆಳ್ಳಿ ಡಾಲರ್ ಕರಗಿಸಿ ಬ್ರಿಟನ್ನಿಗೆ ಮಾರಿತು. ಜಮಖಂಡಿಯ ಗಂಟಿನಲ್ಲಿರುವ ರೂಪಾಯಿಯಲ್ಲಿ ಅಮೆರಿಕದ ಡಾಲರಿನ ಬೆಳ್ಳಿ ಇದ್ದರೂ ಇದ್ದೀತು. ಅದೇ ರಾಜನ 1921, 1922ರವು ಕಡಿಮೆ. ಒಂಬತ್ತರಲ್ಲಿ ಅವು ಇವೆಯೇ ಎಂದು ಮೊದಲು ನೋಡಿ. ಹಿಂಬದಿಯ ಕೆಳಗಿನ ಹೂವಿನಡಿ ಪುಟ್ಟ ಚುಕ್ಕೆ ಇದ್ದರೆ ಮುಂಬಯಿ ಟಂಕಸಾಲೆ, ಇಲ್ಲದಿದ್ದರೆ ಕಲ್ಕತ್ತಾ. ನಮ್ಮ ಭಾಗದ ಬಹುಪಾಲು ಆಗ ಮುಂಬಯಿ ಇಲಾಖೆಯಲ್ಲಿದ್ದುದರಿಂದ ಇಲ್ಲಿ ಚುಕ್ಕೆಯವು ಸಹಜ.

ಹಂದಿ ರೂಪಾಯಿಯ ಕಥೆ ನಿಜ. 1911ರ ಅಚ್ಚಿನಲ್ಲಿ ರಾಜನ ಉಡುಪಿನ ಮೇಲಿನ ಆನೆಯ ಸೊಂಡಿಲು ಗಿಡ್ಡವಾಗಿ ಹಂದಿಯಂತೆ ಕಂಡು ಗುಲ್ಲೆದ್ದಿತು. ಕೆಲವು ಲಕ್ಷ ಹೊರಬಿದ್ದ ಮೇಲೆ ಉಳಿದವನ್ನು ತಡೆದು ಕರಗಿಸಿದರು, 1912ರಿಂದ ಆನೆಯನ್ನು ತಿದ್ದಿದರು. ಹಾಗಾಗಿ ಅದೇ ಸ್ಥಿತಿಯ 1918ರದ್ದಕ್ಕಿಂತ ಹಲವು ಪಟ್ಟು ಬೆಲೆ ಇದಕ್ಕಿದೆ. ಲಕ್ಷ ಇಲ್ಲ. ಹೊರಬಿದ್ದದ್ದು ಲಕ್ಷಗಟ್ಟಲೆ ಎಂಬುದನ್ನು ಮರೆಯಬೇಡಿ. ಕೊಳ್ಳುವಾಗ ಇಸವಿಗಿಂತ ಆನೆಯನ್ನು ನೋಡಿ. 1917ರ ಕೊನೆಯ 7ನ್ನು ಕೊರೆದು 1 ಮಾಡುವುದು ಕಷ್ಟವಲ್ಲ, ಆದರೆ ಆನೆಯ ಸೊಂಡಿಲನ್ನು ಗಿಡ್ಡ ಮಾಡಲಾಗದು. 1911 ಎಂದಿದ್ದೂ ಸೊಂಡಿಲು ಉದ್ದಕ್ಕೆ ಚೆನ್ನಾಗಿ ಇಳಿದಿದ್ದರೆ ಕೈಮುಗಿದು ವಾಪಸು ಕೊಡಿ. ಆನೆ ಸವೆದು ಗುರುತೇ ಸಿಗದಿದ್ದರೆ ಅದಕ್ಕೆ ಹೆಚ್ಚಿನ ಬೆಲೆಯೂ ಇಲ್ಲ.

1818ರ ರಾಮ ಸೀತೆಯರದ್ದು ನಾಣ್ಯವೇ ಅಲ್ಲ. ಈಸ್ಟ್ ಇಂಡಿಯಾ ಕಂಪನಿ ಇಂಥ ರಾಮ ಸೀತೆಯರ ಚಿತ್ರದ ನಾಣ್ಯ ಹಾಕಲೇ ಇಲ್ಲ. ಅದು ಗುಡಿ, ಜಾತ್ರೆಗಳಲ್ಲಿ ಮಾರಾಟಕ್ಕೆ ಇತ್ತೀಚೆಗೆ ಮಾಡಿದ ಬಿಲ್ಲೆ. ಪೂಜೆಗಿಡಬಹುದು, ಕೂಡಿಡಲು ದುಡ್ಡು ಕೊಡಬೇಡಿ. ಇಂಥದ್ದೇ ತಾಮ್ರದ ಬಿಲ್ಲೆ 'ಅಕ್ಕಿ ಎಳೆಯುತ್ತದೆ' ಎಂದು ಹೇಳಿಕೊಂಡು ಬರುವವರದ್ದು ಪಕ್ಕಾ ಮೋಸದ ಜಾಲ. ಹಳೆಯ ನಾಣ್ಯಕ್ಕೆ ರಿಸರ್ವ್ ಬ್ಯಾಂಕ್ ಲಕ್ಷ ಕೊಡುತ್ತದೆ, ಮೊದಲು ಕಮಿಷನ್ ಕಟ್ಟಿ ಎಂಬ ಕರೆ ಬಂದರೂ ಅಷ್ಟೇ. ತಾನು ಇಂಥ ವ್ಯವಹಾರ ಮಾಡುವುದಿಲ್ಲ ಎಂದು ರಿಸರ್ವ್ ಬ್ಯಾಂಕೇ 2021ರಲ್ಲಿ ಎಚ್ಚರಿಸಿದೆ.

ಗಂಟಿನಲ್ಲಿ ಕಲ್ದಾರ ಅಲ್ಲದ, ಕೈಯಿಂದ ಕುಟ್ಟಿದ ನಾಣ್ಯ ಕಂಡರೆ ಮಾತ್ರ ನಿಧಾನಿಸಿ. ಎರಡನೇ ಅಲಿ ಆದಿಲ್‌ಶಾಹನ ಕಾಲದ, ತಂತಿ ಮಡಚಿದಂಥ 'ಲಾರಿ', ಔರಂಗಜೇಬ ವಿಜಯಪುರ ಗೆದ್ದ ಮೇಲೆ ಅಲ್ಲಿ ಹಾಕಿಸಿದ ರೂಪಾಯಿ, ರಾಸ್ತೆ ಮನೆತನದವರು ಬಾಗಲಕೋಟೆಯಲ್ಲಿ ಅಚ್ಚು ಹಾಕಿಸಿದ ಮಲ್ಹಾರಶಾಹಿ, ಇವೆಲ್ಲ ಈ ನೆಲದವೇ. ಇವುಗಳಲ್ಲಿ ಅಚ್ಚು ಬಿಲ್ಲೆಗಿಂತ ದೊಡ್ಡದಾದ್ದರಿಂದ ಬರಹ ಅರ್ಧವೇ ಬೀಳುತ್ತದೆ. ಊರಿನ ಹೆಸರು, ಇಸವಿ ಓದಲು ಬರುವಂತಿದ್ದರೆ ಬೆಲೆ ಏರುತ್ತದೆ. ಲಾರಿಯ ಎರಕದ ನಕಲು ಬಹಳ. ತಿಳಿದವರಿಗೆ ತೋರಿಸದೆ ಮುಟ್ಟಬೇಡಿ.

ಹಾಗಾದರೆ ಮಾತುಕತೆ ಹೇಗೆ? ಒಂದು ದಾರಿ, 1947ರದ್ದನ್ನು ಹೊರಗಿಟ್ಟು, ಉಳಿದ 29ಕ್ಕೆ ತೂಗಿ ಬಂದ ನಿಜವಾದ ಬೆಳ್ಳಿಯ ಬೆಲೆ, ಅದರ ಮೇಲೆ ಶೇ 10ರಿಂದ 15. ಸಾಮಾನ್ಯ ಇಸವಿಯ, ಸವಕಲು ಅಥವಾ ಎಫ್ ಸ್ಥಿತಿಯ ಲಾಟಿಗೆ ಅದಕ್ಕಿಂತ ಹೆಚ್ಚು ಕೊಡಬೇಕಿಲ್ಲ ಎಂಬುದು ನನ್ನ ಅಭಿಪ್ರಾಯ. ಇದರ ಅಪಾಯವೆಂದರೆ ಬೆಳ್ಳಿ ದರ ಇಳಿದರೆ ನಿಮ್ಮದೂ ಇಳಿಯುತ್ತದೆ, ಸರಾಫರಿಗೆ ತಿರುಗಿ ಮಾರಲು ಹೋದರೆ ಕರಗಿಸುವ ಖರ್ಚು, ಕಸರು ಎಂದು ಕಡಿದುಕೊಳ್ಳುತ್ತಾರೆ. ಎರಡನೆಯದು, ನನಗೆ ಹೆಚ್ಚು ಸರಿ ಎನಿಸುವುದು: ಆರಿಸಲು ಬಿಟ್ಟರೆ ಒಂದೊಂದಕ್ಕೆ ಹೆಚ್ಚು ಕೊಡುತ್ತೇನೆ ಎನ್ನಿ. ತಿಕ್ಕದ, ವಿಎಫ್‌ಗಿಂತ ಮೇಲಿನ ಎಂಟು ಹತ್ತು ಸಿಕ್ಕರೆ ಅವುಗಳಿಗೆ ಅವರು ಕೇಳುವ ಒಂದೂವರೆ ಪಟ್ಟು ಕೊಟ್ಟರೂ ನಷ್ಟವಿಲ್ಲ. ಆದರೆ ಆಯ್ಕೆ ನಿಮ್ಮ ಕಣ್ಣಿನ ಮೇಲೆ ನಿಂತಿದೆ, ತಿಕ್ಕಿದ ಎಕ್ಸ್‌ಎಫ್‌ಗೆ ಮರುಳಾದರೆ ಹೋಯಿತು. ಮೊದಲ ಸಲವಾದರೆ ಎರಡು ಮೂರರಿಂದ ಶುರು ಮಾಡಿ. 1911ರದ್ದನ್ನು ಈ ಲೆಕ್ಕದಲ್ಲಿ ಬೆರೆಸಬೇಡಿ, ನಾಣ್ಯ ಹರಾಜುಗಳಲ್ಲಿ ಅದೇ ಸ್ಥಿತಿಯದು ನಿಜವಾಗಿ ಮಾರಾಟವಾದ ಬೆಲೆ ನೋಡಿಕೊಂಡು ಬೇರೆಯಾಗಿ ಮಾತಾಡಿ. ಮಾರುವವರು ಕೇಳಿದ ಬೆಲೆ ಬೇರೆ, ಮಾರಾಟವಾದ ಬೆಲೆ ಬೇರೆ. ದರ್ಜೆ ನಿಗದಿ ಮಾಡಿ ಪೆಟ್ಟಿಗೆಯಲ್ಲಿ ಮುಚ್ಚಿಕೊಡುವ ಸಂಸ್ಥೆಗಳಿಗೆ ಕಳಿಸುವ ಖರ್ಚು ಇದೊಂದಕ್ಕೆ ಹೊಂದೀತು, ಉಳಿದವಕ್ಕೆ ದಂಡ.

ಕೈಬರಹದಲ್ಲಾದರೂ ಸರಿ, ಇಸವಿ, ಎಣಿಕೆ, ತೂಕ, ಕೊಟ್ಟ ಹಣ ಬರೆದು ಇಬ್ಬರೂ ಸಹಿ ಹಾಕಿದ ಒಂದು ಕಾಗದ ಇಟ್ಟುಕೊಳ್ಳಿ. ಇವು ಮನೆತನದಲ್ಲಿ ಉಳಿದು ಬಂದವು ಎಂಬ ಮಾತು ಅದರಲ್ಲಿರಲಿ. ಗೋಡೆ ಕೆಡವುವಾಗಲೋ ಹೊಲ ಅಗೆಯುವಾಗಲೋ ಸಿಕ್ಕಿದ್ದಾದರೆ ಅದು ನಿಧಿ ಕಾಯಿದೆಯಡಿ ಬರುತ್ತದೆ, ಜಿಲ್ಲಾಧಿಕಾರಿಗೆ ತಿಳಿಸಬೇಕು, ನೀವು ಕೊಳ್ಳುವಂತಿಲ್ಲ. ನೂರು ವರ್ಷ ದಾಟಿದ ನಾಣ್ಯ 1972ರ ಪುರಾವಸ್ತು ಕಾಯಿದೆಗೆ ಸೇರುತ್ತದೆ. ದೇಶದೊಳಗೆ ಇಟ್ಟುಕೊಳ್ಳಲು ಅಡ್ಡಿಯಿಲ್ಲ, ವಿದೇಶಕ್ಕೆ ಒಯ್ಯಬಾರದು.

ಮನೆಗೆ ತಂದ ಮೇಲೆ ಮೆತ್ತನೆಯ ಪಿವಿಸಿ ಪಾಕೀಟಿನಲ್ಲಿ ಹಾಕಬೇಡಿ. ಒಂದೆರಡು ಬೇಸಿಗೆ ಕಳೆದರೆ ಪ್ಲಾಸ್ಟಿಕ್ಕು ಬೆವತು ನಾಣ್ಯದ ಮೇಲೆ ಹಸಿರು ಅಂಟು ಕೂರುತ್ತದೆ. ಗಟ್ಟಿ ಪ್ಲಾಸ್ಟಿಕ್ಕಿನ ಗುಂಡು ಡಬ್ಬಿಯೋ ಪಿವಿಸಿ ಇಲ್ಲದ ಹಾಳೆ ಹಾಕಿದ ರಟ್ಟಿನ ಚೌಕವೋ ಸಾಕು. ರಬ್ಬರ್ ಬ್ಯಾಂಡ್ ಹತ್ತಿರವೂ ಬೇಡ, ಅದರ ಗಂಧಕ ನಾಣ್ಯದ ಮೇಲೆ ಕಪ್ಪು ಪಟ್ಟೆ ಎಳೆಯುತ್ತದೆ. ಎತ್ತುವಾಗ ಎರಡು ಬೆರಳಲ್ಲಿ ಅಂಚನ್ನಷ್ಟೇ ಹಿಡಿಯಿರಿ, ಕೆಳಗೆ ಮಡಚಿದ ಟವೆಲ್ ಇರಲಿ.